ಹುಬ್ಬಳ್ಳಿಯಿಂದ ನೇಪಾಳಕ್ಕೆ ಸ್ವಂತ ಕಾರಿನಲ್ಲಿ, ಮನೆಮಂದಿ ಮತ್ತು ಸಾಮಾನಿನ ಸಮೇತ: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ರಜೆ, ದಸರಾ ರಜೆ ಹತ್ತಿರ ಬಂದಾಗೆಲ್ಲ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಪರಿಚಯದವರು ಇವೇ ಪ್ರಶ್ನೆ ಕೇಳುತ್ತಾರೆ. ಕೆಲವರು ಫೋನಿನಲ್ಲಿ, ಕೆಲವರು ಮದುವೆ ಊಟದ ಪಂಕ್ತಿಯಲ್ಲಿ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ. ಬಿಳಿ ಬೋರ್ಡಿನ ಸ್ವಂತ ಕಾರು, ಉತ್ತರ ಪ್ರದೇಶದ ಸುನೌಲಿ ಗಡಿ, ಇವೆರಡನ್ನು ಲೆಕ್ಕದಲ್ಲಿಟ್ಟು ಉತ್ತರ ಬರೆದಿದ್ದು. ಎಲ್ಲರೂ ಕಾಗದಪತ್ರಕ್ಕೆ ಹೆದರುತ್ತಾರೆ. ನನ್ನ ಪ್ರಕಾರ ಗಡಿಯಲ್ಲಿ ಹೊತ್ತು ತಿನ್ನುವುದು ಡಿಕ್ಕಿಯಲ್ಲಿ ತುಂಬಿದ ಸಾಮಾನು.

## ಹೊರಡುವ ಮುಂಚೆ

ನೇಪಾಳಕ್ಕ ವೀಸಾ ಬೇಕೇನ್ರಿ? ಪಾಸ್‌ಪೋರ್ಟ್ ಯಾರ ಹತ್ರಾನೂ ಇಲ್ಲ.

ವೀಸಾ ಬೇಡ. 1950ರ ಭಾರತ-ನೇಪಾಳ ಒಪ್ಪಂದದಿಂದ ಈ ಅನುಕೂಲ ಇದೆ. ಪಾಸ್‌ಪೋರ್ಟ್ ಇಲ್ಲದಿದ್ದರೆ ಚುನಾವಣಾ ಆಯೋಗದ ವೋಟರ್ ಐಡಿ ಸಾಕು. ಆದರೆ ಅದು ಕೈಯಲ್ಲಿ ಹಿಡಿಯುವ ಮೂಲ ಕಾರ್ಡೇ ಆಗಿರಲಿ. ಮೊಬೈಲಿನಲ್ಲಿ ಡಿಜಿಲಾಕರ್ ತೋರಿಸಿ ಟೋಲ್ ಹತ್ತಿರ ಪೊಲೀಸರನ್ನು ದಾಟಿದ ಹಾಗೆ ಅಲ್ಲಿ ದಾಟಲು ನೋಡಬೇಡಿ. ದೊಡ್ಡವರಿಗೆ ಬರೀ ಆಧಾರ್ ನಂಬಿಕೊಂಡು ಹೋಗುವುದೂ ಬೇಡ.

ನಮ್ಮ ಅವ್ವಗ 72, ಮಕ್ಕಳಿಗೆ 16 ಮತ್ತು 9. ಅವರಿಗೆ ವೋಟರ್ ಐಡಿ ಎಲ್ಲಿಂದ ತರೋದು?

ತರಬೇಕಿಲ್ಲ. 65 ದಾಟಿದವರಿಗೆ ಮತ್ತು 15ರ ಒಳಗಿನವರಿಗೆ ಫೋಟೊ ಇರುವ ಬೇರೆ ಗುರುತಿನ ಚೀಟಿ ನಡೆಯುತ್ತದೆ, 2019ರಿಂದ ಆಧಾರ್ ಕೂಡ. ಅವ್ವ ಮತ್ತು 9ರ ಮಗು ಹೀಗೆ ದಾಟುತ್ತಾರೆ. ನಡುವೆ ಸಿಕ್ಕಿಕೊಳ್ಳುವುದು 15ರಿಂದ 18ರ ಮಕ್ಕಳು. ಅವರಿಗೆ ಶಾಲೆ ಅಥವಾ ಕಾಲೇಜಿನ ಪ್ರಿನ್ಸಿಪಾಲರಿಂದ ಗುರುತಿನ ಪತ್ರ ಬೇಕು. ಅದಕ್ಕೆ ಗೊತ್ತುಪಡಿಸಿದ ನಮೂನೆ ಇದೆ, ಕಾಠ್ಮಂಡುವಿನ ಭಾರತೀಯ ರಾಯಭಾರ ಕಚೇರಿಯ ವೆಬ್‌ಸೈಟಿನಲ್ಲಿ ನೋಡಿ. ರಜೆ ಬಿಟ್ಟ ಮೇಲೆ ಪ್ರಿನ್ಸಿಪಾಲರು ಸಿಗುವುದಿಲ್ಲ, ಪರೀಕ್ಷೆ ನಡೆಯುವಾಗಲೇ ಸಹಿ ಹಾಕಿಸಿಕೊಳ್ಳಿ. ಕುಟುಂಬ ಒಟ್ಟಿಗೆ ಹೋಗುವಾಗ ದೊಡ್ಡವರೊಬ್ಬರ ಹತ್ತಿರ ಸರಿಯಾದ ಗುರುತಿನ ಚೀಟಿ ಇದ್ದರೆ, ಉಳಿದವರಿಗೆ ಫೋಟೊ ಇರುವ ಯಾವುದಾದರೂ ಚೀಟಿ ಮತ್ತು ಸಂಬಂಧ ತೋರಿಸುವ ದಾಖಲೆ ಸಾಕು ಎಂಬ ನಿಯಮವೂ ಇದೆ. ಆದ್ದರಿಂದ ರೇಷನ್ ಕಾರ್ಡ್ ಜೊತೆಗಿರಲಿ.

ಯಾವಾಗ ಹೋದರೆ ಚಲೋ? ದಸರಾ ರಜೆಗೆ ಹೋಗೋಣ ಅಂತೀವಿ.

ಇಲ್ಲೊಂದು ತೊಡಕಿದೆ. ನಮ್ಮ ದಸರಾ ಅಂದರೆ ಅವರ ದಶೈಂ, ನೇಪಾಳದ ಎಲ್ಲಕ್ಕಿಂತ ದೊಡ್ಡ ಹಬ್ಬ. ಆಗ ಕಚೇರಿಗಳು ಬಾಗಿಲು ಹಾಕಿರುತ್ತವೆ. ಕಾಠ್ಮಂಡುವಿನಲ್ಲಿ ದುಡಿಯುವವರು, ಭಾರತದಲ್ಲಿ ದುಡಿಯುವ ನೇಪಾಳಿಗಳು ಎಲ್ಲರೂ ಒಂದೇ ವಾರದಲ್ಲಿ ಊರಿಗೆ ಹೊರಡುತ್ತಾರೆ. ಗಡಿಯಲ್ಲಿ ಜನ ಕಾಲಿಡಲೂ ಬಿಡುವುದಿಲ್ಲ. ವಿಜಯದಶಮಿ ಮುಗಿದು ಎರಡು ಮೂರು ದಿನಕ್ಕೆ ಗಡಿ ಮುಟ್ಟುವಂತೆ ಹೊರಟರೆ ಹವೆ ಚೆನ್ನಾಗಿರುತ್ತದೆ, ಬೆಟ್ಟ ನಿಚ್ಚಳ ಕಾಣುತ್ತದೆ, ರಸ್ತೆಯೂ ಖಾಲಿ.

ಏಪ್ರಿಲ್-ಮೇ ಆಗುತ್ತದೆ, ಆದರೆ ನಾಗಪುರದಿಂದ ಗೋರಖ್‌ಪುರದ ತನಕ ಬಿಸಿಲಿಗೆ ಹಿರಿಯರು ಬಾಡಿ ಹೋಗುತ್ತಾರೆ. ಡಿಸೆಂಬರ್-ಜನವರಿಯಲ್ಲಿ ಉತ್ತರ ಪ್ರದೇಶದ ಮಂಜು. ಜನವರಿ-ಫೆಬ್ರವರಿಗೆ ಪ್ರಯಾಗರಾಜದ ಮಾಘ ಮೇಳದ ದಟ್ಟಣೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್ ಮಾತ್ರ ಖಂಡಿತ ಬೇಡ. 2024ರ ಜುಲೈನಲ್ಲಿ ನಾರಾಯಣಘಾಟ್-ಮುಗ್ಲಿಂಗ್ ರಸ್ತೆಯ ಸಿಮಲ್ತಾಲ್ ಹತ್ತಿರ ಗುಡ್ಡ ಕುಸಿದು ಎರಡು ಬಸ್ಸು ತ್ರಿಶೂಲಿ ನದಿಗೆ ಬಿದ್ದವು. ನೀವು ಕಾಠ್ಮಂಡುವಿಗೆ ಹೋಗುವುದು ಅದೇ ರಸ್ತೆಯಲ್ಲಿ.

ಇನ್ನೊಂದು ಮಾತು, ಚುನಾವಣೆ. ಎರಡರಲ್ಲಿ ಯಾವ ಕಡೆ ಮತದಾನ ಇದ್ದರೂ ಆ ಭಾಗದ ಗಡಿಯನ್ನು ಎರಡು ಮೂರು ದಿನ ಮುಚ್ಚುತ್ತಾರೆ. 2025ರ ಸೆಪ್ಟೆಂಬರ್‌ನ ಗಲಾಟೆಯಲ್ಲಿ ಕಾಠ್ಮಂಡುವಿನಲ್ಲಿ ಕರ್ಫ್ಯೂ ಹಾಕಿದ್ದರು. ಹೊರಡುವ ವಾರ ರಾಯಭಾರ ಕಚೇರಿಯ ಸೂಚನೆ ನೋಡಿಯೇ ಗಾಡಿ ತೆಗೆಯಿರಿ.

ದಾರಿ ಹೆಂಗ? ಪುಣೆ ಮೇಲೆ ಹೋಗಬೇಕಾ?

ಪುಣೆ ಸುತ್ತಾಗುತ್ತದೆ. ಹುಬ್ಬಳ್ಳಿಯಿಂದ ವಿಜಯಪುರ, ಸೊಲ್ಲಾಪುರ, ತುಳಜಾಪುರ. ಅಲ್ಲಿಂದ ಲಾತೂರ್, ನಾಂದೇಡ್, ಯವತ್ಮಾಳ ಮೇಲೆ ನಾಗಪುರ. ಆಮೇಲೆ ಸಿವನಿ, ಜಬಲ್‌ಪುರ, ರೀವಾ, ಪ್ರಯಾಗರಾಜ, ಗೋರಖ್‌ಪುರ, ಸುನೌಲಿ. ಒಟ್ಟು ಸುಮಾರು 1,900 ಕಿ.ಮೀ. ಮನೆದೇವರು ತುಳಜಾಭವಾನಿ ಆಗಿದ್ದರೆ ದರ್ಶನವೂ ಆಯಿತು, ದಾರಿಯೂ ಸಾಗಿತು.

ಹಿರಿಯರು, ಮಕ್ಕಳು ಇದ್ದರೆ ನಾಂದೇಡ್, ನಾಗಪುರ, ರೀವಾ, ಗೋರಖ್‌ಪುರದಲ್ಲಿ ರಾತ್ರಿ ತಂಗಿ, ಐದನೇ ದಿನ ಬೆಳಿಗ್ಗೆ ಗಡಿ ಮುಟ್ಟಿ. ಮೂರೇ ದಿನದಲ್ಲಿ ಎಳೆದುಕೊಂಡು ಹೋಗುವ ಹುಡುಗರಿದ್ದಾರೆ. ಹಾಗೆ ಹೋದವರು ಗಡಿಯ ಸಾಲಿನಲ್ಲಿ ನಿದ್ದೆಗಣ್ಣಿನಲ್ಲಿ ನಿಂತು ಸುಮ್ನೆ ಜಗಳ ಮಾಡಿಕೊಳ್ಳುತ್ತಾರೆ.

ಸುನೌಲಿನೇ ಯಾಕೆ? ರಕ್ಸೌಲ್ ಕಾಠ್ಮಂಡುವಿಗೆ ಹತ್ತಿರ ಅಲ್ವಾ?

ನಕಾಶೆಯಲ್ಲಿ ಹತ್ತಿರವೇ. ಆದರೆ ರಕ್ಸೌಲ್-ಬೀರ್‌ಗಂಜ್ ಸರಕು ಲಾರಿಗಳ ಗಡಿ, ಲಾರಿ ಸಾಲಿನ ಪಕ್ಕದಲ್ಲೇ ನುಸುಳಬೇಕು. ಮೇಲಾಗಿ ಅದು ಬಿಹಾರ. ಅಲ್ಲಿ 2016ರಿಂದ ಪಾನನಿಷೇಧ. ಯಾರದೋ ಬ್ಯಾಗಿನಲ್ಲಿ ಒಂದು ಬಾಟಲಿ ಸಿಕ್ಕರೂ ಪ್ರವಾಸ ಪೊಲೀಸ್ ಠಾಣೆಯಲ್ಲಿ ಮುಗಿಯುತ್ತದೆ. ಸುನೌಲಿ ದಾಟಿದರೆ ಬುದ್ಧ ಹುಟ್ಟಿದ ಲುಂಬಿನಿ 25 ಕಿ.ಮೀ. ಆಸುಪಾಸಿನಲ್ಲೇ ಇದೆ, ಮೊದಲ ರಾತ್ರಿ ಅಲ್ಲಿ ಆರಾಮಾಗಿ ಕಳೆಯಬಹುದು. ಪೋಖರಾಕ್ಕೂ ಇದೇ ಸರಿಯಾದ ಬಾಗಿಲು.

## ಗಾಡಿಯ ಕಾಗದ

ಭನ್ಸಾರ್ ಅಂದರೇನು? ಎಲ್ಲಿ ಮಾಡಿಸಬೇಕು?

ನೇಪಾಳದ ಸುಂಕದ ಕಚೇರಿಗೆ ಅಲ್ಲಿ ಭನ್ಸಾರ್ ಅನ್ನುತ್ತಾರೆ. ನಮ್ಮವರ ಬಾಯಲ್ಲಿ ಗಾಡಿಯ ಪಾಸಿಗೂ ಅದೇ ಹೆಸರು. ಗಡಿ ದಾಟಿದ ಕೂಡಲೇ ಬೆಲಹಿಯಾದಲ್ಲಿ ಕಚೇರಿ ಇದೆ. ಆರ್‌ಸಿ, ಲೈಸೆನ್ಸ್, ಮಾಲೀಕರ ಗುರುತಿನ ಚೀಟಿ ತೋರಿಸಿ, ಎಷ್ಟು ದಿನ ಇರುತ್ತೀರೋ ಅಷ್ಟು ದಿನದ ಶುಲ್ಕ ಕಟ್ಟಬೇಕು. ಪಾಸು ಕೈಗೆ ಬಂದ ಮೇಲೆ ಟ್ರಾಫಿಕ್ ಪೊಲೀಸರ ಅನುಮತಿ ಚೀಟಿಯನ್ನೂ ಮಾಡಿಸಿಕೊಳ್ಳಿ. ಎರಡೂ ಚೀಟಿಯ ಫೋಟೊ ತೆಗೆದಿಟ್ಟುಕೊಂಡು, ಮೂಲವನ್ನು ಡ್ರೈವರ್ ಸೀಟಿನ ಹತ್ತಿರವೇ ಇಡಿ, ದಾರಿಯಲ್ಲಿ ಪದೇ ಪದೇ ಕೇಳುತ್ತಾರೆ.

ಒಂದೆರಡು ದಿನ ಜಾಸ್ತಿಯೇ ಕಟ್ಟಿ. ಗುಡ್ಡ ಕುಸಿದು ರಸ್ತೆ ನಿಂತರೆ ಪಾಸಿನ ದಿನ ನಿಲ್ಲುವುದಿಲ್ಲ, ಅವಧಿ ಮೀರಿದರೆ ದಂಡ ಬೀಳುತ್ತದೆ. ಭಾರತದ ಖಾಸಗಿ ಗಾಡಿಗೆ ನೇಪಾಳದ ಒಂದು ಆರ್ಥಿಕ ವರ್ಷದಲ್ಲಿ ಒಟ್ಟು 30 ದಿನದ ಮಿತಿ ಇದೆ. ಅವರ ಆರ್ಥಿಕ ವರ್ಷ ಶುರುವಾಗುವುದು ಜುಲೈ ಮಧ್ಯದಲ್ಲಿ. ವಾಪಸ್ ಬರುವಾಗ ಪಾಸು ಒಪ್ಪಿಸಿ ಗಾಡಿ ಹೊರಹೋಗಿದೆ ಎಂದು ನಮೂದಿಸಿಕೊಳ್ಳುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಅವರ ಲೆಕ್ಕದಲ್ಲಿ ನಿಮ್ಮ ಗಾಡಿ ಇನ್ನೂ ನೇಪಾಳದಲ್ಲೇ ಇರುತ್ತದೆ.

ಗಡಿಗೆ ಬರುವ ಮುಂಚೆಯೇ ಗಾಡಿಗೆ ಅಡ್ಡ ಬಂದು "ನಾವು ಮಾಡಿಸಿಕೊಡ್ತೀವಿ" ಅನ್ನುವ ಏಜೆಂಟರು ಸಿಗುತ್ತಾರೆ. ಅರ್ಜಿ ತುಂಬಲು ಯಾರನ್ನಾದರೂ ಹಿಡಿಯುವುದಾದರೆ ಕಚೇರಿಯ ಆವರಣದಲ್ಲಿ ಹಿಡಿಯಿರಿ, ಅವರ ಕೂಲಿ ಮೊದಲೇ ಕೇಳಿ, ಸರ್ಕಾರಿ ರಸೀದಿಯಲ್ಲಿರುವ ಮೊತ್ತ ನೀವೇ ಓದಿ ನೋಡಿ.

ಕಾರು ಮಾವನ ಹೆಸರಿನಾಗ ಐತಿ, ಅವರು ಬರಂಗಿಲ್ಲ. ನಡಿತದೇನ್ರಿ?

ನಡೆಯುತ್ತದೆ, ಪತ್ರ ಬೇಕು. "ಈ ನಂಬರಿನ ನನ್ನ ಗಾಡಿಯನ್ನು ಇಂಥವರು ನೇಪಾಳಕ್ಕೆ ಒಯ್ಯಲು ನನ್ನ ಒಪ್ಪಿಗೆ ಇದೆ" ಎಂದು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಸಿ, ಮಾವನವರ ಸಹಿ, ನೋಟರಿ ಮುದ್ರೆ, ಜೊತೆಗೆ ಅವರ ಗುರುತಿನ ಚೀಟಿಯ ಪ್ರತಿ. ಕನ್ನಡದ ಪತ್ರ ಅಲ್ಲಿ ಯಾರೂ ಓದುವುದಿಲ್ಲ. ಕಂಪನಿಯ ಕಾರಾದರೆ ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಬರೆಸಿ.

ಬಾಡಿಗೆ ಟೆಂಪೊ ಟ್ರಾವೆಲರ್ ಮಾಡ್ಕೊಂಡು ಹೋದರೆ?

ಹಳದಿ ಬೋರ್ಡಿನ ಪರ್ಮಿಟ್ ದಾರಿಯೇ ಬೇರೆ, ಅದನ್ನು ಗಾಡಿ ಮಾಲೀಕರು ಮಾಡಿಸಬೇಕು. "ಗಡಿಯಲ್ಲಿ ನೋಡೋಣ ಬಿಡ್ರಿ" ಅನ್ನುವ ಮಾಲೀಕರಿಗೆ ಮುಂಗಡ ಕೊಡಬೇಡಿ. ಗೋರಖ್‌ಪುರದ ತನಕ ರೈಲಿನಲ್ಲಿ ಹೋಗಿ, ಗಡಿ ದಾಟಿ, ನೇಪಾಳದ ಗಾಡಿ ಹಿಡಿಯುವುದು ಇದಕ್ಕಿಂತ ಸಲೀಸು.

ನಮ್ಮ ಇನ್ಶೂರೆನ್ಸ್ ಅಲ್ಲಿ ನಡೆಯುತ್ತಾ?

ಸುಮ್ನೆ ನಡೆಯುವುದಿಲ್ಲ. ನಮ್ಮ ಮೋಟಾರು ಪಾಲಿಸಿಯ ವ್ಯಾಪ್ತಿ ಭಾರತ ಮಾತ್ರ. ಆದರೆ ಸ್ವಲ್ಪ ಹೆಚ್ಚಿನ ಪ್ರೀಮಿಯಂ ಕಟ್ಟಿದರೆ ನೇಪಾಳ, ಭೂತಾನ್, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್‌ಗೆ ವ್ಯಾಪ್ತಿ ಹಿಗ್ಗಿಸುವ ಅವಕಾಶ ಮೊದಲಿನಿಂದ ಇದೆ. ಪ್ರೀಮಿಯಂ ದೊಡ್ಡದೇನಲ್ಲ, ಮಾಡಿಸುವ ಓಡಾಟವೇ ದೊಡ್ಡದು. ಆನ್‌ಲೈನಿನಲ್ಲಿ ಪಾಲಿಸಿ ಕೊಂಡವರು ಹುಬ್ಬಳ್ಳಿಯ ಶಾಖೆಗೆ ಹೋಗಿ ಕೂರಬೇಕಾಗಬಹುದು. ಹೊರಡುವ ಮೂರು ವಾರ ಮುಂಚೆಯೇ ಶುರುಮಾಡಿ. ಪಾಲಿಸಿಯ ಹಾಳೆಯಲ್ಲಿ ನೇಪಾಳ ಎಂದು ಅಚ್ಚಾಗಿ ಬರಬೇಕು, ಏಜೆಂಟರ ಬಾಯಿಮಾತು ಲೆಕ್ಕಕ್ಕಿಲ್ಲ.

## ಸಾಮಾನು

ಗಾಡಿಗೆ ಎಷ್ಟು ಹೇರಬಹುದು? ಏಳು ಮಂದಿ ಇದ್ದೀವಿ, ಮೇಲೆ ಕ್ಯಾರಿಯರ್ ಹಾಕಿಸ್ತೀವಿ.

ಸೀಟು ಏಳಿದ್ದರೆ ಏಳು ಜನ ಮತ್ತು ಏಳು ಜನರ ಸಾಮಾನು ಎರಡೂ ಹಿಡಿಯುತ್ತವೆ ಎಂದು ಅರ್ಥ ಅಲ್ಲ. ಗಾಡಿಯ ಒಟ್ಟು ತೂಕದ ಮಿತಿಯಿಂದ ಖಾಲಿ ಗಾಡಿಯ ತೂಕ ಕಳೆಯಿರಿ. ಏಳು ಸೀಟಿನ ಗಾಡಿಗಳಲ್ಲಿ ಸಾಮಾನ್ಯವಾಗಿ 500ರಿಂದ 600 ಕೆ.ಜಿ. ಉಳಿಯುತ್ತದೆ. ಏಳು ಜನ ತಲಾ 65 ಕೆ.ಜಿ. ಅಂದರೂ 455 ಅಲ್ಲೇ ಹೋಯಿತು. ಇನ್ನು ಉಳಿದದ್ದು 45ರಿಂದ 145 ಕೆ.ಜಿ. ಅದರೊಳಗೆ ಬಟ್ಟೆ, ಹಾಸಿಗೆ, ನೀರು, ಅಡುಗೆ ಸಾಮಾನು ಎಲ್ಲ ಬರಬೇಕು.

ಮೇಲಿನ ಕ್ಯಾರಿಯರಿಗೆ ಬೇರೆ ಮಿತಿ ಇರುತ್ತದೆ, ಗಾಡಿಯ ಪುಸ್ತಕದಲ್ಲಿ ಬರೆದಿರುತ್ತಾರೆ. ಅಲ್ಲಿ ಹಾಸಿಗೆ, ಸ್ವೆಟರ್‌ನಂಥ ಹಗುರ ಸಾಮಾನು ಮಾತ್ರ ಇಡಿ. ಅಕ್ಕಿ ಚೀಲ ಮೇಲೆ ಕಟ್ಟಿಕೊಂಡು ನೇಪಾಳದ ಬುಟ್ವಲ್‌ನಿಂದ ಪಾಲ್ಪಾ ಬೆಟ್ಟದ ಕಡೆ ತಿರುವು ಹತ್ತಿದರೆ ಗಾಡಿ ಎರಡೂ ಕಡೆ ವಾಲುವುದು ಒಳಗೆ ಕೂತವರಿಗೇ ಗೊತ್ತಾಗುತ್ತದೆ. ಪೂರ್ತಿ ಹೇರಿದಾಗ ಟೈರಿಗೆ ಎಷ್ಟು ಗಾಳಿ ಎಂಬುದು ಡ್ರೈವರ್ ಬಾಗಿಲಿನ ಸ್ಟಿಕ್ಕರ್ ಮೇಲೆ ಇರುತ್ತದೆ. ಸ್ಟೆಪ್ನಿ ಟೈರು ಎಲ್ಲ ಸಾಮಾನಿನ ತಳದಲ್ಲಿ ಹೂತುಹೋಗದ ಹಾಗೆ ತುಂಬಿ.

ರೊಟ್ಟಿ, ಹಿಂಡಿ, ಪೇಡಾ ಒಯ್ಯಬಹುದಾ? ಹೊರಗಿನ ಊಟ ನಮ್ಮವರಿಗೆ ಆಗಂಗಿಲ್ಲ.

ದಾರಿಗೆ ತಿನ್ನುವಷ್ಟು ಒಯ್ಯಿರಿ, ಯಾರೂ ಬೇಡ ಅನ್ನುವುದಿಲ್ಲ. ಕಟಕ್ ರೊಟ್ಟಿಯಷ್ಟು ಪ್ರಯಾಣಕ್ಕೆ ಒಗ್ಗುವ ಊಟ ಇನ್ನೊಂದಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿಯನ್ನು ಪಾರದರ್ಶಕ ಡಬ್ಬಿಯಲ್ಲಿ ಹಾಕಿ ಮೇಲೆ ಇಂಗ್ಲಿಷಿನಲ್ಲಿ ಹೆಸರು ಅಂಟಿಸಿ. ಬಣ್ಣ ಬಣ್ಣದ ಪುಡಿ ತುಂಬಿದ ಹೆಸರಿಲ್ಲದ ಪ್ಲಾಸ್ಟಿಕ್ ಚೀಲ ನೋಡಿದರೆ ಗಡಿ ಕಾಯುವ ಎಸ್‌ಎಸ್‌ಬಿ (ಸಶಸ್ತ್ರ ಸೀಮಾ ಬಲ) ಜವಾನರಿಗೆ ಬೇರೇನೋ ಅನಿಸುವುದು ಸಹಜ. ಪೇಡಾ ಒಂದೆರಡು ಕೆ.ಜಿ. ಸಾಕು. ಇಪ್ಪತ್ತು ಡಬ್ಬಿ ಒಂದರ ಮೇಲೊಂದು ಪೇರಿಸಿದರೆ ಅಂಗಡಿ ಮಾಲು ಅನ್ನುತ್ತಾರೆ. ಗೋಮಾಂಸ ನೇಪಾಳಕ್ಕೆ ನಿಷಿದ್ಧ, ಆಕಳು ಅವರ ರಾಷ್ಟ್ರೀಯ ಪ್ರಾಣಿ.

ಗ್ಯಾಸ್ ಸಿಲಿಂಡರ್, ಒಲೆ ತಗೊಂಡು ಹೋಗ್ತೀವಿ, ದಾರಿಯಲ್ಲೇ ಅಡಿಗಿ ಮಾಡ್ಕೋತೀವಿ.

ಬೇಡ. ಮುಚ್ಚಿದ ಕಾರಿನಲ್ಲಿ, ಬಿಸಿಲಿನಲ್ಲಿ, ಮಕ್ಕಳ ಬೆನ್ನ ಹಿಂದೆ ಸಿಲಿಂಡರ್ ಇಡುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಕ್ಯಾನಿನಲ್ಲಿ ಪೆಟ್ರೋಲ್, ಡೀಸೆಲ್ ಒಯ್ಯುವುದೂ ಹಾಗೇ, ಟ್ಯಾಂಕಿನಲ್ಲಿ ಇದ್ದಷ್ಟೇ ಇರಲಿ. ಒಂದು ಎಲೆಕ್ಟ್ರಿಕ್ ಕುಕ್ಕರ್ ಇಟ್ಟುಕೊಳ್ಳಿ. ವಿದ್ಯುತ್ ನಮ್ಮ ಹಾಗೇ 230 ವೋಲ್ಟ್, ಲಾಡ್ಜಿನವರನ್ನು ಕೇಳಿ ಅನ್ನ ಮಾಡಿಕೊಳ್ಳಬಹುದು.

ತಂಗಿ ಕಾಠ್ಮಂಡುವಿನಲ್ಲಿದ್ದಾಳೆ. ಅವಳಿಗೆ ಹೊಸ ಮಿಕ್ಸಿ, ಗ್ರೈಂಡರ್, ನಾಲ್ಕು ಇಳಕಲ್ ಸೀರೆ. ಟ್ಯಾಕ್ಸ್ ಬೀಳುತ್ತಾ?

ಬೀಳಬಹುದು. ನೇಪಾಳದ ಗಡಿಯಲ್ಲಿ 100 ನೇಪಾಳಿ ರೂಪಾಯಿಗಿಂತ ಜಾಸ್ತಿ ಬೆಲೆಯ ಸಾಮಾನು ತಂದರೆ ಸುಂಕ ಎಂಬ ನಿಯಮವನ್ನು 2023ರಲ್ಲಿ ಬಿಗಿ ಮಾಡಿದ್ದರು. ನಮ್ಮ ಲೆಕ್ಕದಲ್ಲಿ ಅದು ಅರವತ್ತೆರಡೂವರೆ ರೂಪಾಯಿ! ಗಡಿಯ ಊರಿನ ಜನರೇ ಇದಕ್ಕೆ ಜೋರಾಗಿ ತಕರಾರು ತೆಗೆದಿದ್ದರು. ಪ್ರವಾಸಿಗರ ಉಟ್ಟ ಬಟ್ಟೆ, ಬಳಸುವ ಪಾತ್ರೆಗೆ ಯಾರೂ ಕೈ ಹಾಕುವುದಿಲ್ಲ. ತಕರಾರು ಬರುವುದು ಬಿಚ್ಚದ ಡಬ್ಬಿಗೆ.

ನಾನು ಎಲ್ಲರಿಗೂ ಹೇಳುವ ಅಳತೆ ಇಷ್ಟೇ: ಈ ವಸ್ತುವನ್ನು ನಾವೇ ಬಳಸಿ ವಾಪಸ್ ತರುತ್ತೇವಾ, ಅಥವಾ ತಿಂದು ಮುಗಿಸುತ್ತೇವಾ? ಹೌದಾದರೆ ಅದು ಲಗೇಜು. ಅಲ್ಲೇ ಬಿಟ್ಟು ಬರುವುದಾದರೆ ಸರಕು. ಸರಕಿಗೆ ಬಿಲ್ಲು ಇಟ್ಟುಕೊಳ್ಳಿ, ಕೇಳಿದಾಗ ಮುಚ್ಚಿಡದೆ ತೋರಿಸಿ, ಹಾಕಿದ ಸುಂಕ ಕಟ್ಟಿ ರಸೀದಿ ತಗೊಳ್ಳಿ. ಡಬ್ಬಿ ಬಿಚ್ಚಿ ಹಳೆಯದು ಅನ್ನುವ ಜಾಣತನ ಅವರಿಗೆ ಹೊಸದಲ್ಲ. ಹೊಸ ಮಿಕ್ಸಿಯನ್ನು ತಂಗಿಗೆ ಕಾಠ್ಮಂಡುವಿನಲ್ಲೇ ಕೊಡಿಸಿದರೆ ವಾರಂಟಿಯೂ ಅಲ್ಲೇ ಸಿಗುತ್ತದೆ. ಸೀರೆ ಮಾತ್ರ ಒಯ್ಯಿರಿ, ಅಲ್ಲಿ ಇಳಕಲ್ ಸಿಗುವುದಿಲ್ಲ.

ನಾವು ಬ್ಯಾಡಗಿಯವರು. ಎರಡು ಚೀಲ ಮೆಣಸಿನಕಾಯಿ ಒಯ್ದು ಮಾರಿದರೆ ಡೀಸೆಲ್ ಖರ್ಚು ಬರ್ತೈತಿ ಅಲ್ರಿ?

ಇದನ್ನು ಕೇಳಿದವರು ಒಬ್ಬಿಬ್ಬರಲ್ಲ, ಬ್ಯಾಡಗಿ ಮಾರುಕಟ್ಟೆಯ ಮೇಲಿನ ಅಭಿಮಾನ ಅಂಥದ್ದು. ಆದರೆ ಮಾರುವುದಕ್ಕೆ ಒಯ್ದರೆ ಅದು ರಫ್ತು. ವಿದೇಶ ವ್ಯಾಪಾರ ನಿರ್ದೇಶನಾಲಯದಿಂದ (ಡಿಜಿಎಫ್‌ಟಿ) ಆಮದು-ರಫ್ತಿನ ಐಇಸಿ ನಂಬರ್, ಜಿಎಸ್‌ಟಿ ಬಿಲ್ಲು, ಕಸ್ಟಮ್ಸ್‌ನ ಬಿಲ್ ಆಫ್ ಎಕ್ಸ್‌ಪೋರ್ಟ್, ಮಾಲಿಗೆ ಕೀಟ, ರೋಗ ಇಲ್ಲ ಎನ್ನುವ ಸಸ್ಯ ಸಂಪರ್ಕತಡೆಯ ಪತ್ರ, ಆಚೆ ಕಡೆ ಆಮದು ಮಾಡಿಕೊಳ್ಳುವ ವ್ಯಾಪಾರಿ, ಇಷ್ಟೂ ಬೇಕು. ಪ್ರವಾಸಕ್ಕೆ ಎಂದು ಪಾಸು ಪಡೆದ ಗಾಡಿಯಲ್ಲಿ ಮಾರುವ ಮಾಲು ಸಿಕ್ಕರೆ ಮಾಲಿನ ಜೊತೆ ಗಾಡಿಯೂ ಸಿಕ್ಕಿಬೀಳುತ್ತದೆ. ಮನೆಮಂದಿ ರಸ್ತೆಯಲ್ಲಿ ನಿಲ್ಲುತ್ತಾರೆ. ನಿಜವಾಗಿ ವ್ಯಾಪಾರದ ಆಸೆ ಇದ್ದರೆ ಕಸ್ಟಮ್ಸ್ ಏಜೆಂಟರ ಮೂಲಕ ಲಾರಿಯಲ್ಲಿ ಕಳಿಸಿ, ಅದಕ್ಕೇ ರಕ್ಸೌಲ್-ಬೀರ್‌ಗಂಜ್‌ನಲ್ಲಿ 2018ರಲ್ಲಿ ದೊಡ್ಡ ಚೆಕ್‌ಪೋಸ್ಟ್ ತೆರೆದಿದ್ದಾರೆ.

ಲ್ಯಾಪ್‌ಟಾಪ್, ಕ್ಯಾಮೆರಾ, ಬಂಗಾರ, ಡ್ರೋನ್?

ಜೊತೆಗೆ ಒಯ್ಯುವ ಬೆಲೆಬಾಳುವ ವಸ್ತುಗಳ ಸೀರಿಯಲ್ ನಂಬರು, ಫೋಟೊ, ಹಳೆಯ ಬಿಲ್ಲಿನ ಪ್ರತಿ ಇಟ್ಟುಕೊಳ್ಳಿ. ಹೋಗುವಾಗಲೇ ಭಾರತದ ಕಸ್ಟಮ್ಸ್‌ನವರ ಹತ್ತಿರ ಬರೆಸಿದರೆ ವಾಪಸ್ ಬರುವಾಗ "ಅಲ್ಲಿ ಕೊಂಡಿರಿ" ಎಂಬ ಮಾತು ಬರುವುದಿಲ್ಲ. ಬಂಗಾರ ಮೈಮೇಲೆ ದಿನಾ ಇರುವಷ್ಟೇ ಸಾಕು, ಪ್ರವಾಸಕ್ಕೆ ಹೋಗುವಾಗ ಪಾಟ್ಲಿ, ಸರ ಯಾಕೆ? ಡ್ರೋನಿಗೆ ನೇಪಾಳದಲ್ಲಿ ಮುಂಚಿತ ಅನುಮತಿ ಬೇಕು, ಮನೆಯಲ್ಲೇ ಬಿಡಿ.

## ಗಡಿ ದಾಟಿದ ಮೇಲೆ

ದುಡ್ಡು ಹೆಂಗ? ನಮ್ಮ ನೋಟು ನಡೀತಾವಾ?

ನಮ್ಮ 100 ರೂಪಾಯಿಗೆ ಅವರ 160. 1993ರಿಂದ ಈ ದರ ಬದಲಾಗಿಲ್ಲ. 2018ರ ಡಿಸೆಂಬರ್‌ನಲ್ಲಿ ನೇಪಾಳ ನಮ್ಮ 100ಕ್ಕಿಂತ ದೊಡ್ಡ ನೋಟು ನಿಷೇಧಿಸಿತ್ತು. ಈಚೆಗೆ ಎರಡೂ ಕಡೆ ಅದನ್ನು ಸಡಿಲಿಸುವ ಕೆಲಸ ನಡೆದಿದೆ. ಆದರೂ 100ರ ನೋಟಿನ ಕಟ್ಟು ಇಟ್ಟುಕೊಂಡವರಿಗೆ ಚಿಂತೆ ಇಲ್ಲ. 2024ರಿಂದ ಫೋನ್‌ಪೇ (Fonepay) ಎಂಬ ನೇಪಾಳದ ಜಾಲದ ಕ್ಯುಆರ್‌ಗೆ ನಮ್ಮ ಯುಪಿಐನಿಂದ ಹಣ ಕೊಡಬಹುದು. ನಮ್ಮ ಫೋನ್‌ಪೆ (PhonePe) ಬೇರೆ, ಅದು ಬೇರೆ. ಗುಡ್ಡದ ಮೇಲೆ ನೆಟ್‌ವರ್ಕ್ ಇಲ್ಲದ ಕಡೆ ನಗದೇ ಗತಿ. ಫಾಸ್ಟ್ಯಾಗ್ ಗಡಿಯ ತನಕ ಮಾತ್ರ.

ಅಲ್ಲಿ ಗಾಡಿ ಓಡಿಸೋದು ಕಷ್ಟಾನಾ?

ನಮ್ಮ ಲೈಸೆನ್ಸ್ ನಡೆಯುತ್ತದೆ, ಎಡಗಡೆಯೇ ಓಡಿಸುವುದು. ರಸ್ತೆ ಮಾತ್ರ ತಾಳ್ಮೆ ಕೇಳುತ್ತದೆ. ಬುಟ್ವಲ್-ನಾರಾಯಣಘಾಟ್ ರಸ್ತೆಯ ಅಗಲೀಕರಣ ವರ್ಷಗಟ್ಟಲೆ ಎಳೆದಿದೆ, ಧೂಳು ತಿನ್ನಲು ತಯಾರಾಗಿ. ಸುನೌಲಿಯಿಂದ ಕಾಠ್ಮಂಡು ಸುಮಾರು 270 ಕಿ.ಮೀ. ಹುಬ್ಬಳ್ಳಿ-ಸೊಲ್ಲಾಪುರದ ಲೆಕ್ಕದಲ್ಲಿ ಐದು ತಾಸು ಅಂದುಕೊಂಡರೆ ಕೆಟ್ಟಿರಿ, ಇಡೀ ದಿನ ಬೇಕು. ರಾತ್ರಿ ಓಡಿಸಬೇಡಿ.

ಕಾಠ್ಮಂಡು ಕಣಿವೆಯಲ್ಲಿ 2017ರಿಂದ ಸುಮ್ನೆ ಹಾರ್ನ್ ಹೊಡೆಯುವಂತಿಲ್ಲ. ಕೆಎ-25, ಕೆಎ-63 ಗಾಡಿಯವರಿಗೆ ಇದೊಂದು ಅಗ್ನಿಪರೀಕ್ಷೆ. ಕುಡಿದು ಓಡಿಸುವವರ ಮೇಲೆ ಪೊಲೀಸರು ತುಂಬಾ ಕಟ್ಟುನಿಟ್ಟು. ರಸ್ತೆಯಲ್ಲಿ ಆಕಳು ಕಂಡರೆ ನಿಲ್ಲಿಸಿಬಿಡಿ, ಗೋಹತ್ಯೆಗೆ ಅಲ್ಲಿ ಜೈಲು. ಪೊಲೀಸರಿಗೆ 100, ಆಂಬುಲೆನ್ಸ್‌ಗೆ 102, ಟ್ರಾಫಿಕ್‌ಗೆ 103. ಮಾರುತಿ, ಹ್ಯುಂಡೈ, ಮಹೀಂದ್ರ, ಟಾಟಾ ಗಾಡಿಗಳು ಅಲ್ಲೂ ಓಡುತ್ತವೆ, ದೊಡ್ಡ ಊರುಗಳಲ್ಲಿ ರಿಪೇರಿಗೆ ತೊಂದರೆ ಇಲ್ಲ. ಗಡಿಯಾರವನ್ನು 15 ನಿಮಿಷ ಮುಂದೆ ಇಟ್ಟುಕೊಳ್ಳಿ. ಗಡಿಯಲ್ಲೇ ಎನ್‌ಸೆಲ್ ಅಥವಾ ನೇಪಾಳ ಟೆಲಿಕಾಂ ಸಿಮ್ ಕೊಳ್ಳಿ.

ಮುಕ್ತಿನಾಥಕ್ಕೆ ನಮ್ಮ ಕಾರಲ್ಲೇ ಹೋಗಬಹುದಾ? ಅಪ್ಪಾರಿಗೆ ಸಾಲಿಗ್ರಾಮ ತರೋ ಆಸೆ.

ದಾರಿ ಇದೆ: ಪೋಖರಾ, ಬೇನಿ, ಜೋಮ್‌ಸೋಮ್. ಆದರೆ ತಗ್ಗಿನ ಕಾರಿಗೆ, ಅದೂ ಪೂರ್ತಿ ಹೇರಿದ ಕಾರಿಗೆ ಅದು ದಾರಿಯಲ್ಲ. ಕಾರು ಮತ್ತು ಹೆಚ್ಚಿನ ಸಾಮಾನು ಪೋಖರಾದ ಲಾಡ್ಜಿನಲ್ಲಿ ಬಿಟ್ಟು, ಅಲ್ಲಿನ ಜೀಪು ಮಾಡಿಕೊಳ್ಳಿ. ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪ್ರವೇಶ ಚೀಟಿಯನ್ನು ಪೋಖರಾದಲ್ಲೇ ಮಾಡಿಸಿ, ಭಾರತವೂ ಸೇರಿ ಸಾರ್ಕ್ ಕೂಟದ ದೇಶದವರಿಗೆ ದರ ಕಡಿಮೆ. ಮುಕ್ತಿನಾಥ ಸುಮಾರು 3,700 ಮೀಟರ್ ಎತ್ತರದಲ್ಲಿದೆ, ಉಸಿರು ಹತ್ತುತ್ತದೆ. ಹೃದಯ, ಬಿಪಿ ತೊಂದರೆ ಇರುವ ಹಿರಿಯರು ಧಾರವಾಡದಲ್ಲೇ ಡಾಕ್ಟರನ್ನು ಕೇಳಿ ಹೊರಡಲಿ, ದಾರಿಯಲ್ಲಿ ಒಂದು ರಾತ್ರಿ ಉಳಿದು ಮೇಲೆ ಹತ್ತಲಿ.

ಪೂಜೆಗೆ ಒಂದೆರಡು ಸಾಲಿಗ್ರಾಮ ತರುವವರು ಅಂಗಡಿಯ ರಸೀದಿ ಇಟ್ಟುಕೊಳ್ಳಿ, ಚೀಲಗಟ್ಟಲೆ ತುಂಬಿಕೊಳ್ಳಬೇಡಿ. ಹಳೆಯ ವಿಗ್ರಹದ ವಿಷಯ ಬೇರೆ. 100 ವರ್ಷ ದಾಟಿದ ವಸ್ತು ದೇಶದ ಹೊರಗೆ ಹೋಗುವಂತಿಲ್ಲ. ಹೊಸ ಮೂರ್ತಿ ನೋಡಲು ಹಳೆಯದರ ಹಾಗಿದ್ದರೆ ಪುರಾತತ್ವ ಇಲಾಖೆಯ ಚೀಟಿ ಬೇಕು, ಅಂಗಡಿಯವರಿಂದಲೇ ಮಾಡಿಸಿಕೊಡಲು ಹೇಳಿ.

ವಾಪಸ್ ಬರುವಾಗ ಏನೇನು ತರಬಹುದು?

ರಸ್ತೆಯಲ್ಲಿ ಬರುವವರು ತಮ್ಮ ಬಳಸಿದ ಸ್ವಂತ ಸಾಮಾನಿಗೆ ಮಾತ್ರ ವಿನಾಯಿತಿ ಎಂದು ಲೆಕ್ಕ ಹಾಕಬೇಕು. ವಿಮಾನದಲ್ಲಿ ಬಂದ ಪಕ್ಕದ ಮನೆಯವರ ಲೆಕ್ಕ ನಿಮಗೆ ಹೊಂದುವುದಿಲ್ಲ. ರುದ್ರಾಕ್ಷಿ ಸರ, ಶಾಲು, ಪುಟ್ಟ ಉಡುಗೊರೆಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಚೀನಾದ ಹತ್ತು ಮೊಬೈಲು, ಕಂಬಳಿಯ ಗಂಟು ತಂದರೆ ಸುಂಕ, ದಂಡ ಎರಡೂ. ಚೀನಾ ಬೆಳ್ಳುಳ್ಳಿಗೆ ಭಾರತದಲ್ಲಿ 2014ರಿಂದ ನಿಷೇಧ ಇದೆ, ಅದು ಕಳ್ಳದಾರಿಯಲ್ಲಿ ಈ ಗಡಿಯಿಂದಲೇ ಬರುತ್ತದೆ. ಆದ್ದರಿಂದ ಚೀಲ ಕಂಡರೆ ಬಿಚ್ಚಿಸುತ್ತಾರೆ. ಅಪರಿಚಿತರು "ಗೋರಖ್‌ಪುರದಲ್ಲಿ ನಮ್ಮವರಿಗೆ ಕೊಡಿ" ಎಂದು ಕೊಟ್ಟ ಪೊಟ್ಟಣ ಎಷ್ಟೇ ಸಣ್ಣದಿರಲಿ, ಗಾಡಿಯೊಳಗೆ ಬರಬಾರದು.

ನೇಪಾಳ ನೋಡಿ ಆತು. ಹಂಗೇ ಭೂತಾನ್‌ಗೂ ಕಾರು ಒಯ್ಯಬಹುದಾ?

ಒಯ್ಯಬಹುದು, ಖರ್ಚು ಬೇರೆ ಮಟ್ಟದ್ದು. ಪಶ್ಚಿಮ ಬಂಗಾಳದ ಜೈಗಾಂವ್ ದಾಟಿದರೆ ಫುಂಟ್‌ಶೋಲಿಂಗ್. ಭಾರತೀಯ ವಯಸ್ಕರಿಗೆ ತಲೆಗೆ ರಾತ್ರಿಯೊಂದಕ್ಕೆ 1,200 ರೂಪಾಯಿ ಶುಲ್ಕ ಇದೆ, 6ರಿಂದ 12ರ ಮಕ್ಕಳಿಗೆ ಅರ್ಧ, ಅದಕ್ಕಿಂತ ಸಣ್ಣವರಿಗೆ ಇಲ್ಲ. ಹೊರಗಿನ ಗಾಡಿಗೆ ದಿನದ ಲೆಕ್ಕದಲ್ಲಿ ಬೇರೆ ಶುಲ್ಕ. ಐದು ಜನ ದೊಡ್ಡವರು ನಾಲ್ಕು ರಾತ್ರಿ ಇದ್ದರೆ ಬರೀ ಈ ಶುಲ್ಕವೇ 24,000 ರೂಪಾಯಿ. ಕಾರನ್ನು ಜೈಗಾಂವ್‌ನಲ್ಲಿ ನಿಲ್ಲಿಸಿ ಅಲ್ಲಿನ ಟ್ಯಾಕ್ಸಿ ಮಾಡಿಕೊಂಡು ಹೋದರೆ ಗಾಡಿಯ ಶುಲ್ಕವಾದರೂ ಉಳಿಯುತ್ತದೆ.